ಕೊನೆಯ ದೋಣಿ ಬರುವ ತನಕ

ಹಳೆಕಡವು,
ಶಾಲೆಯ ಮುನ್ನೂರ ನಲವತ್ತೊಂದನೆಯ ವರ್ಷ, ಮೊದಲ ಮಳೆಯ ಹತ್ತನೆಯ ದಿನ.
(ನಿಮ್ಮ ಗೋಡೆಯ ಕ್ಯಾಲೆಂಡರಿನ ಪ್ರಕಾರ ೨೨೩೧ನೆಯ ಇಸವಿಯ ಜೂನ್ ತಿಂಗಳು)

೨೦೨೬ರಲ್ಲಿ ಸಂತ ಲೂಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಓದುತ್ತಿರುವ ನನ್ನ ಮಕ್ಕಳಿಗೆ,

ಮಕ್ಕಳೇ ಎಂದು ಕರೆದದ್ದಕ್ಕೆ ನಗಬೇಡಿ. ಲೆಕ್ಕ ಹಾಕಿದರೆ ನೀವು ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿಯಾಗಬೇಕು. ಆದರೆ ನಾನು ನಲವತ್ತೆರಡು ವರ್ಷ ಈ ಶಾಲೆಯಲ್ಲಿ ಪಾಠ ಹೇಳಿದವಳು, ನೀಲಿ ರಿಬ್ಬನ್ ಕಟ್ಟಿದವರನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಬರುವುದಿಲ್ಲ. ನನ್ನ ಹೆಸರು ಸಿಸ್ಟರ್ ಸೆವ್ರಿನ್ ತಾವ್ರೊ. ನೀವು ಕೂರುವ ಅದೇ ಕಟ್ಟಡದಲ್ಲಿ, ಅದೇ ಕೆಂಪುಕಲ್ಲಿನ ಗೋಡೆಗಳ ನಡುವೆ ನಾನು ಈಗ ಮುಖ್ಯೋಪಾಧ್ಯಾಯಿನಿ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಶಾಲಾ ದಿನಚರಿಗಳನ್ನು ಓದಿ ಓದಿ ನಿಮ್ಮ ಹಾಗೆ ಬರೆಯಲು ಕಲಿತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದ ನಿಮಗೆ ಬಂದದ್ದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ಅಂಚೆ. ಒಂದು ಸಂಸ್ಥೆಗೆ ನೂರು ವರ್ಷಕ್ಕೆ ಒಂದೇ ಕಾಗದ, ಅದೂ ಕೈಬರಹದಲ್ಲಿ. ಯಾರು ಯಾವಾಗ ಸಾಯುತ್ತಾರೆ, ಯಾರು ಯಾರನ್ನು ಮದುವೆಯಾಗುತ್ತಾರೆ ಎಂದು ಬರೆಯುವಂತಿಲ್ಲ. ಪರೀಕ್ಷೆಯ ಪ್ರಶ್ನೆಗಳನ್ನಂತೂ ಹೇಳುವಂತಿಲ್ಲ, ಆದ್ದರಿಂದ ಕೊನೆಯ ಪುಟಕ್ಕೆ ಹಾರಿ ಹುಡುಕಬೇಡಿ. ನಮ್ಮ ಪಾಲಿನ ಒಂದು ಕಾಗದವನ್ನು ನಾನು ಇವತ್ತು ಬಳಸುತ್ತಿದ್ದೇನೆ. ಏಕೆಂದರೆ ಒಂಬತ್ತು ದಿನಗಳ ಹಿಂದೆ, ಹೊಸ ಶಾಲಾ ವರ್ಷದ ಮೊದಲ ದಿನ, ನಮ್ಮ ಶಾಲೆ ಮುಚ್ಚಿಹೋಗುವುದರಲ್ಲಿತ್ತು. ಮುಚ್ಚಲಿಲ್ಲ. ಅದನ್ನು ಹೇಳುವುದಕ್ಕೆ ನನಗೆ ಎಷ್ಟು ಸಂತೋಷವೆಂದರೆ ಎಪ್ಪತ್ತೊಂದು ವರ್ಷದ ಕೈ ಕೂಡ ಅಲುಗದೆ ಬರೆಯುತ್ತಿದೆ.

ಮೊದಲು ನಮ್ಮ ಕಾಲದ ವಿಚಾರ ಒಂದಿಷ್ಟು ತಿಳಿದುಕೊಳ್ಳಿ. ಈಗಿನ ಮಕ್ಕಳಿಗೆ ಮೂರು ತುಂಬಿದ ಕೂಡಲೇ ಬಲಗಿವಿಗೆ ಒಂದು ಕಿವಿಗುರು ಹಾಕುತ್ತಾರೆ. ಅದು ಜೋಳದ ಕಾಳಿನಷ್ಟು ದೊಡ್ಡ ಮಣಿ. ಮಗು ಮರ ನೋಡಿದರೆ ಮರದ ಹೆಸರು ಹೇಳುತ್ತದೆ, ಲೆಕ್ಕ ತಪ್ಪಿದರೆ ತಿದ್ದುತ್ತದೆ, ಮಲಗುವಾಗ ಕತೆ ಹೇಳುತ್ತದೆ. ಎಂದೂ ಗದರುವುದಿಲ್ಲ, ಎಂದೂ ಸುಸ್ತಾಗುವುದಿಲ್ಲ. ಹಾಗಾಗಿ ನಮ್ಮ ಮಕ್ಕಳು ಬಹಳ ಬುದ್ಧಿವಂತರು, ಬಹಳ ಸಭ್ಯರು. ಆದರೆ ಜಗಳವಾಡಿ ರಾಜಿಯಾಗಲು ಗೊತ್ತಿಲ್ಲ. ಬುತ್ತಿ ಹಂಚಿಕೊಳ್ಳಲು ಗೊತ್ತಿಲ್ಲ, ಪಕ್ಕದವಳು ಅತ್ತರೆ ಏನು ಮಾಡಬೇಕೆಂದು ಕಿವಿಯನ್ನು ಕೇಳುತ್ತಾರೆ. ಮನೆಯಲ್ಲೇ ಎಲ್ಲ ಕಲಿಯುವಾಗ ಶಾಲೆ ಯಾರಿಗೆ ಬೇಕು? ಕರಾವಳಿಯಲ್ಲಿ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮದು ಉಳಿದದ್ದು ನಮ್ಮ ಹಟದಿಂದ. ಇಲ್ಲಿ ಮಕ್ಕಳು ಗೇಟಿನ ಹತ್ತಿರ ಕಿವಿಗುರುವನ್ನು ತೆಗೆದು ಹಿತ್ತಾಳೆ ಬಟ್ಟಲಿಗೆ ಹಾಕಿ ಒಳಗೆ ಬರುತ್ತಾರೆ. ಮೊದಲ ವಾರ ಅಳುತ್ತಾರೆ, ಎರಡನೆಯ ವಾರ ಒಬ್ಬರ ಜಡೆ ಒಬ್ಬರು ಎಳೆಯುತ್ತಾರೆ. ಜಡೆ ಎಳೆದರು ಎಂದರೆ ದೇವರಿಗೆ ದೀಪ ಹಚ್ಚುವವಳು ನಾನು.

ಹೊಳೆ ಈಗ ನಿಮ್ಮ ಕಾಲಕ್ಕಿಂತ ಅಗಲ. ಸಮುದ್ರ ಒಳಗೆ ಬಂದಿದೆ, ನಿಮ್ಮ ಆಟದ ಮೈದಾನದ ಅರ್ಧ ಈಗ ನೀರು. ಬೆಳಗಿನ ಬಿಡುವಿನಲ್ಲಿ ಮಕ್ಕಳು ಬುಟ್ಟಿಚೆಂಡು ಆಡುವಾಗ ಚೆಂಡು ಹೊಳೆಗೆ ಬಿದ್ದರೆ ಎದುರು ತಂಡಕ್ಕೆ ಎರಡು ಅಂಕ. ಗದ್ದೆಗಳಲ್ಲಿ ಉಪ್ಪುನೀರು ಕುಡಿದು ಬೆಳೆಯುವ ಭತ್ತ ಬೆಳೆಯುತ್ತಾರೆ, ಅದರ ಗಂಜಿಗೆ ಬೇರೆ ಉಪ್ಪು ಹಾಕಬೇಕಿಲ್ಲ. ಸಮವಸ್ತ್ರ ಮಾತ್ರ ಅದೇ: ನೆರಿಗೆಯ ಲಂಗ, ಎರಡು ಜಡೆ, ನೀಲಿ ರಿಬ್ಬನ್. ಬಟ್ಟೆ ಮಾತ್ರ ತಂಪುಬಟ್ಟೆ, ಬಿಸಿಲು ಏರಿದಂತೆ ತಣ್ಣಗಾಗುತ್ತದೆ. ಹೊಳೆಯ ನಡುವಿನ ಕುದ್ರುಗಳಿಂದ ಜನ ಜಾರುಸೇತುವೆಯ ಮೇಲೆ ಬರುತ್ತಾರೆ. ಅದರ ಮೇಲೆ ನಡೆಯಬೇಕಿಲ್ಲ, ನಿಂತರೆ ಸಾಕು, ಅದೇ ಆಚೆ ದಡಕ್ಕೆ ಮುಟ್ಟಿಸುತ್ತದೆ. ಒಂದೇ ಕೊರತೆ ಎಂದರೆ, ಹೊಳೆ ಜೋರಾಗಿ ಬಂದ ದಿನ ಅದು ತನ್ನಷ್ಟಕ್ಕೆ ಮಡಚಿಕೊಂಡು ದಡ ಸೇರುತ್ತದೆ.

ಇನ್ನು ನಮ್ಮ ತೊಂದರೆಗೆ ಬರುತ್ತೇನೆ. ನಮ್ಮಲ್ಲಿ ಪರಂಪರೆ ಮಂಡಳಿ ಎಂಬುದೊಂದಿದೆ. ಹಳೆಯದೆಲ್ಲವನ್ನೂ ಕಂಡರೆ ಅದಕ್ಕೆ ಪ್ರೀತಿ, ಎಷ್ಟು ಪ್ರೀತಿ ಎಂದರೆ ಉಸಿರಾಡಲು ಬಿಡುವುದಿಲ್ಲ. ಮುನ್ನೂರು ವರ್ಷ ದಾಟಿದ ನಮ್ಮ ಶಾಲೆಯನ್ನು ಅವರು ನೆನಪುಮನೆ ಮಾಡಬೇಕೆಂದು ಹೊರಟರು. ನೆನಪುಮನೆ ಎಂದರೆ ಒಳಗೆ ಮೇಣದ ಬೊಂಬೆಗಳು, ಹೊರಗೆ ಟಿಕೆಟು. ಕಾನೂನು ಹೀಗಿದೆ: ಹೊಸ ವರ್ಷದ ಮೊದಲ ದಿನದ ಹಾಜರಿಯಲ್ಲಿ ಅರುವತ್ತು ಮಕ್ಕಳಿದ್ದರೆ ಅದು ಶಾಲೆ, ಒಂದು ಕಡಿಮೆಯಾದರೂ ಅದು ನೆನಪುಮನೆ. ಕಳೆದ ವರ್ಷ ನಮ್ಮಲ್ಲಿ ಇದ್ದವರು ಮೂವತ್ತೇಳು.

ಈ ಕೆಲಸಕ್ಕೆ ಬಂದ ಅಧಿಕಾರಿಯ ಹೆಸರು ವರದೇಶ ಪಡಿಯಾರ್. ಅವರನ್ನು ದ್ವೇಷಿಸಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಅವರ ಅಜ್ಜಿ ನಮ್ಮ ಶಾಲೆಯಲ್ಲಿ ಕಲಿತವರು. ಮೂರು ವರ್ಷ ನಮ್ಮ ದಿನಚರಿಗಳ ಧೂಳು ಕುಡಿದು ಅವರು ಶಾಲೆಯ ರೂಢಿಪಟ್ಟಿ ತಯಾರಿಸಿದರು. ವರ್ಷದ ಮೊದಲ ದಿನ ಚಾಪೆಲ್ಲಿನಲ್ಲಿ ಪವಿತ್ರಾತ್ಮರ ಹೆಸರಿನಲ್ಲಿ ಬಲಿಪೂಜೆ, ಆಮೇಲೆ ಮಾತೆ ಮರಿಯಮ್ಮನವರಿಗೆ ಅಬ್ಬಲಿಗೆ ಮಾಲೆ, ಹೊಸಬಳ ಕೈ ಹಿಡಿದು ಹಳಬಳು ಮೆಟ್ಟಿಲು ಹತ್ತಿಸುವುದು, ಹೀಗೆ ಇನ್ನೂರ ಹನ್ನೆರಡು ರೂಢಿಗಳು. ಮುಂದೆ ಮೇಣದ ಬೊಂಬೆಗಳು ಇವನ್ನೆಲ್ಲ ಚಾಚೂ ತಪ್ಪದೆ ಮಾಡಬೇಕಂತೆ. ಪಟ್ಟಿಗೆ ಸೇರಿದ ಒಂದು ರೂಢಿ ಮುರಿದರೂ ಆ ದಿನದ ಕಲಾಪ ಅಸಿಂಧು ಎಂದು ಮಂಡಳಿಯದೇ ನಿಯಮ. ನನ್ನದೂ ಒಂದು ಬೊಂಬೆ ಮಾಡಿಸಿ ತಂದಿದ್ದರು. ಅದರ ಮೂಗು ನನ್ನದಕ್ಕಿಂತ ಚೆನ್ನಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ನಾನು ಬೇಸಿಗೆಯಿಡೀ ಕಾಲಿಗೆ ಚಕ್ರ ಕಟ್ಟಿಕೊಂಡು ಮನೆಮನೆ ತಿರುಗಿದೆ. ಎಲ್ಲರೂ ಶರಬತ್ತು ಕೊಟ್ಟರು, ಮಕ್ಕಳನ್ನು ಕೊಡಲು ಹಿಂದೆಮುಂದೆ ನೋಡಿದರು. ಎಲ್ಲರಿಗಿಂತ ಗಟ್ಟಿಯಾಗಿ ಮೂಗು ಮುರಿದವರು ಬಡಾಕುದ್ರುವಿನ ಬೀಫಾತುಮ್ಮ. ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಬದುಕುವ ಹೆಂಗಸು, ವಯಸ್ಸಿನಲ್ಲಿ ನನ್ನ ಓರಗೆ. ಅವರ ಮೊಮ್ಮಗಳನ್ನು ಕೇಳಲು ಹೋದಾಗ ಚಿಪ್ಪು ಬಿಡಿಸುತ್ತಲೇ ಕೇಳಿದರು, “ಎಂತಕ್ಕೆ ಸಿಸ್ಟರ್ ಶಾಲೆ? ಕಿವಿಯಲ್ಲಿ ಎಲ್ಲ ಉಂಟಲ್ಲ?”

ನನಗೂ ರೇಗಿತು. “ಎಲ್ಲ ಉಂಟು ಬೀಫಾತುಮ್ಮ. ಪಕ್ಕದಲ್ಲಿ ಕೂತು ಚಿವುಟುದು ಯಾರು?” ಎಂದೆ.

ಅವರು ಕತ್ತಿ ಕೆಳಗಿಟ್ಟು ಜೋರಾಗಿ ನಕ್ಕರು. ಕಳಿಸುತ್ತೇನೆ ಎಂದು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಆದರೆ ಮರುವಾರ ಕುದ್ರುವಿನಿಂದ ಹದಿಮೂರು ಹೆಸರು ಬಂತು. ಊರಿನವರದು ನಲವತ್ತೆಂಟು. ಒಟ್ಟು ಅರುವತ್ತೊಂದು. ಆ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿ ಗಂಜಿಗೆ ಎರಡು ಬಂಗುಡೆ ಹೆಚ್ಚು ಹುರಿಸಿದೆ.

ಮೊದಲ ದಿನ ಬೆಳಿಗ್ಗೆ ಏಳಕ್ಕೇ ಮಂಡಳಿಯವರು ಬಂದು ಶಾಲೆಯನ್ನು ಮದುಮಗಳಂತೆ ಸಿಂಗರಿಸಿದರು. ಅಂಗಳದ ತುಂಬ ತೋರಣ, ಶಾಲೆಯ ಚರಿತ್ರೆ ಹೇಳುವ ಚಿತ್ರಗಳು, ಅತಿಥಿಗಳಿಗೆ ಕುರ್ಚಿ. ನೆನಪುಮನೆಯ ನಾಮಫಲಕವನ್ನೂ ಬಟ್ಟೆ ಮುಚ್ಚಿ ಗೋಡೆಗೆ ಒರಗಿಸಿದ್ದರು. ನನಗೆ ಕಾಣಿಸಬಾರದೆಂದು ಅದರ ಮುಂದೆ ಕ್ರೋಟನ್ ಕುಂಡ ಇಟ್ಟಿದ್ದರು, ಪಾಪ. ಎಂಟಕ್ಕೆ ಬಲಿಪೂಜೆ ಮುಗಿಯುವಾಗ ಘಟ್ಟದ ಮೇಲೆ ಸುರಿದ ಮಳೆಯ ನೀರು ಹೊಳೆಗೆ ಇಳಿಯಿತು. ಕೆಂಪು ನೀರು, ಅದರಲ್ಲಿ ತೇಲುವ ಮರದ ಕೊಂಬೆಗಳು. ನಾನು ಚಾಪೆಲ್ಲಿನ ಬಾಗಿಲಿನಿಂದ ನೋಡುತ್ತಿದ್ದ ಹಾಗೆಯೇ ಜಾರುಸೇತುವೆ ಹಾವಿನಂತೆ ಸುರುಳಿ ಸುತ್ತಿಕೊಂಡು ದಡ ಸೇರಿತು. ಕುದ್ರುವಿನ ಹದಿಮೂರು ಮಕ್ಕಳೂ ಆಚೆಯೇ ಉಳಿದರು.

ಒಂಬತ್ತಕ್ಕೆ ಪಡಿಯಾರರು ಹಾಜರಿ ಪುಸ್ತಕ ಬಿಚ್ಚಿದರು. ನಲವತ್ತೆಂಟು ಹೆಸರಿಗೆ ನಲವತ್ತೆಂಟು ದನಿ ಬಂತು. ಆಮೇಲೆ ಹದಿಮೂರು ಹೆಸರಿಗೆ ಮಳೆಯ ಸದ್ದು ಮಾತ್ರ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು. “ಕ್ಷಮಿಸಿ ಸಿಸ್ಟರ್, ನನ್ನ ಕೈಯಲ್ಲಿ ಎಂತದ್ದೂ ಇಲ್ಲ,” ಎಂದರು. ನಲವತ್ತೆರಡು ವರ್ಷ ಒಂದು ಬಾಗಿಲನ್ನು ತೆರೆದವಳಿಗೆ ಅದನ್ನು ತಾನೇ ಮುಚ್ಚಬೇಕಾದಾಗ ಹೇಗಾಗುತ್ತದೆ ಎಂದು ನಿಮಗೆ ಹೇಗೆ ಹೇಳಲಿ? ಅಳು ಬಂತು. ಮಕ್ಕಳೆದುರು ಅಳಬಾರದೆಂದು ಶಿಲುಬೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹಾಜರಿ ಮುಚ್ಚುವ ಮೊದಲು ಒಂದು ರೂಢಿ ಬಾಕಿ ಇತ್ತು. ಪಟ್ಟಿಯಲ್ಲಿ ಅದು ಹದಿನೇಳನೆಯದು. ನಿಮಗೆ ಅದು ಚೆನ್ನಾಗಿ ಗೊತ್ತು, ಆದರೂ ಹೇಳುತ್ತೇನೆ. ಶಾಲೆಯ ಮೂರನೆಯ ವರ್ಷದಲ್ಲಿ, ದೂರದೇಶದಿಂದ ಬಂದ ಮದರ್ ಒಬ್ಬರು ತಡವಾಗಿ ಬಂದ ಕುದ್ರುವಿನ ಮಕ್ಕಳ ಹೆಸರು ಹೊಡೆದುಹಾಕಲು ಹೊರಟಾಗ, ನಮ್ಮ ಮೊದಲ ಕನ್ನಡ ಟೀಚರ್ ಕಾರ್ಮಿಣ್ ಬಾಯಿ ಹಾಜರಿ ಪುಸ್ತಕವನ್ನೇ ಎತ್ತಿಕೊಂಡು ದೋಣಿ ಹತ್ತಿಳಿಯುವ ಕಡವಿನ ಮೆಟ್ಟಿಲ ಮೇಲೆ ಕುಳಿತರಂತೆ. ಕೊನೆಯ ದೋಣಿ ಬರುವ ತನಕ ಹಾಜರಿ ಮುಚ್ಚತಕ್ಕದ್ದಲ್ಲ ಎಂದು ಅವತ್ತೇ ಬರೆದಿಟ್ಟರು. ದೋಣಿಗಳು ನಿಂತ ಮೇಲೂ ನಾವು ಅದನ್ನು ಬಿಡಲಿಲ್ಲ. ಹೊಸದಾಗಿ ಸೇರಿದವರಲ್ಲಿ ಎಲ್ಲರಿಗಿಂತ ಚಿಕ್ಕವಳು ಕಡವಿಗೆ ಹೋಗಿ, ಹುಬ್ಬಿಗೆ ಕೈ ಅಡ್ಡ ಹಿಡಿದು ಹೊಳೆ ನೋಡಿ, “ದೋಣಿ ಇಲ್ಲ ಸಿಸ್ಟರ್!” ಎಂದು ಕೂಗಬೇಕು. ಮೂರು ಸಲ ಕೂಗಿದ ಮೇಲೆ ಹಾಜರಿ ಮುಚ್ಚುತ್ತೇವೆ. ಇನ್ನೂರು ವರ್ಷದಿಂದ ಎಲ್ಲ ಪುಟಾಣಿಗಳೂ ಅದನ್ನೇ ಕೂಗಿದ್ದಾರೆ. ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ, ತಾಯಂದಿರು ಕಣ್ಣೊರೆಸಿಕೊಳ್ಳುತ್ತಾರೆ.

ಈ ವರ್ಷದ ಚಿಕ್ಕವಳು ಹಂಸಿಕಾ ಮೆಂಡನ್, ಮೊಗವೀರರ ಮಗು, ಐದೂವರೆ ವರ್ಷ. ಎರಡು ದಿನದಿಂದ ಮಾತು ಬಾಯಿಪಾಠ ಮಾಡಿದ್ದಳು. ಕೊಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಕೈ ಅಡ್ಡ ಹಿಡಿದಳು. ಹೊಳೆಯನ್ನೇ ನೋಡುತ್ತ ನಿಂತಳು. ಹೆದರಿ ಮರೆತಿದ್ದಾಳೆಂದು ಅವಳ ತಾಯಿ ಹಿಂದಿನಿಂದ ಮೆಲ್ಲಗೆ ಹೇಳಿಕೊಟ್ಟರು, “ದೋಣಿ ಇಲ್ಲ ಅಂತ ಹೇಳು ಮಗಾ.”

ಹಂಸಿಕಾ ತಿರುಗಿ ಅಮ್ಮನನ್ನು ಸಿಟ್ಟಿನಿಂದ ನೋಡಿದಳು. “ಸುಳ್ಳು ಎಂತಕ್ಕೆ ಹೇಳುದು? ದೋಣಿ ಉಂಟಲ್ಲ!”

ನಾವೆಲ್ಲ ಮಳೆಯಲ್ಲೇ ಕಡವಿಗೆ ಓಡಿದೆವು. ದೂರದಲ್ಲಿ, ಕೆಂಪು ನೀರಿನ ನಡುವೆ, ಒಂದು ಕರಿಯ ಚುಕ್ಕೆ. ಅಲೆ ಎತ್ತಿದಾಗ ಕಾಣಿಸುತ್ತಿತ್ತು, ಇಳಿದಾಗ ಮಾಯ. ಅದು ಮರುವಾಯಿ ಹೆಕ್ಕುವ ದೋಣಿ. ಅದರೊಳಗೆ ಸಾಲಾಗಿ ನೀಲಿ ಚುಕ್ಕೆಗಳು. ರಿಬ್ಬನ್ನುಗಳು ಎಂದು ಗೊತ್ತಾದಾಗ ನನ್ನ ಬಾಯಲ್ಲಿದ್ದ ನಮೋ ಮರಿಯ ಪ್ರಾರ್ಥನೆ ಅರ್ಧಕ್ಕೇ ನಿಂತಿತು.

ದೋಣಿ ಬರುತ್ತಿತ್ತು ನಿಜ, ಆದರೆ ಪ್ರವಾಹಕ್ಕೆ ಎದುರಾಗಿ. ನಾಲ್ಕು ಮಾರು ಮುಂದೆ ಬಂದರೆ ಎರಡು ಮಾರು ಹಿಂದೆ. ಮಂಡಳಿಯ ಅಧ್ಯಕ್ಷೆ ರಾಜಧಾನಿಯಲ್ಲಿ ಕುಳಿತು ಪಡಿಯಾರರ ಕಿವಿಗುರುವಿನ ಮೂಲಕ ಅವಸರ ಮಾಡುತ್ತಿದ್ದರು. ಅವರ ಮಾತು ನಮಗೆ ಕೇಳಿಸಲಿಲ್ಲ, ಪಡಿಯಾರರ ಉತ್ತರ ಮಾತ್ರ ಕೇಳಿಸಿತು. “ಮುಚ್ಚಲಿಕ್ಕೆ ಆಗುದಿಲ್ಲ ಮೇಡಂ. ದೋಣಿ ಕಾಣ್ತಾ ಉಂಟು. ಹದಿನೇಳನೆಯ ರೂಢಿ. ನಾನೇ ಬರೆದದ್ದು.” ಆಚೆಯಿಂದ ಏನೋ ಬಿರುಸಾದ ಮಾತು ಬಂದಿರಬೇಕು, ಅವರ ಮುಖ ಕೆಂಪಾಯಿತು. “ಮುರಿದರೆ ಇವತ್ತಿನ ಕಲಾಪವೇ ಅಸಿಂಧು ಆಗ್ತದೆ. ನಿಯಮ ನಿಮ್ಮದೇ ಅಲ್ವಾ?” ಎಂದರು. ಆಮೇಲೆ ಮೂರು ವರ್ಷದಲ್ಲಿ ನಾನು ನೋಡದ ಒಂದು ಕೆಲಸ ಮಾಡಿದರು. ಕಿವಿಯ ಮಣಿ ತೆಗೆದು ನಮ್ಮ ಹಿತ್ತಾಳೆ ಬಟ್ಟಲಿಗೆ ಹಾಕಿ, ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಒಳ್ಳೆಯ ಪ್ಯಾಂಟು ಒದ್ದೆಯಾಗುವುದನ್ನೂ ಲೆಕ್ಕಿಸದೆ ಕಡವಿನ ಮೆಟ್ಟಿಲ ಮೇಲೆ ಕುಳಿತರು.

ಎರಡು ಗಂಟೆ ಕಾದೆವು. ಸುದ್ದಿ ಹಬ್ಬಿ ಊರೇ ಕಡವಿಗೆ ಬಂತು. ಬಂದವರ ಪೈಕಿ ಅರ್ಧ ಜನ ಬೇಸಿಗೆಯಲ್ಲಿ ನನಗೆ ಶರಬತ್ತು ಕೊಟ್ಟು ಕಳಿಸಿದವರೇ. ಯಾರೋ ಹಗ್ಗ ತಂದರು, ಯಾರೋ ಒಣಬಟ್ಟೆ ತಂದರು. ಹನ್ನೊಂದೂ ಕಾಲಿಗೆ ಹಗ್ಗ ಎಸೆದು ದೋಣಿಯನ್ನು ಎಳೆದುಕೊಂಡೆವು. ಹುಟ್ಟು ಹಾಕುತ್ತಿದ್ದವರು ಬೀಫಾತುಮ್ಮ ಮತ್ತು ಅವರ ಸೊಸೆ. ಹದಿಮೂರು ಮಕ್ಕಳೂ ತೊಯ್ದು ತೊಪ್ಪೆಯಾಗಿ, ಮೈಯೆಲ್ಲ ಮರುವಾಯಿ ವಾಸನೆ ಹೊತ್ತು, ಜಡೆಯ ರಿಬ್ಬನ್ ಒಂದೂ ಬಿಚ್ಚದ ಹಾಗೆ ಇಳಿದರು. ಬೀಫಾತುಮ್ಮ ಏದುಸಿರು ಬಿಡುತ್ತ ನನ್ನನ್ನೇ ಗದರಿದರು. “ಇವತ್ತು ಮನೆಯಲ್ಲೇ ಇರಿ ಅಂತ ಕಿವಿ ಹೇಳಿತು ಸಿಸ್ಟರ್. ಇವರು ಕೇಳ್ಬೇಕಲ್ಲ! ಐದು ಗಂಟೆಗೇ ರಿಬ್ಬನ್ ಕಟ್ಟಿ ಕೂತಿದ್ದಾರೆ. ಅಳುವುದು ನೋಡ್ಲಿಕ್ಕಾಗುದಿಲ್ಲ ಅಂತ ದೋಣಿ ಇಳಿಸಿದೆ. ಎಂತ ಹುಚ್ಚು ಹಿಡಿಸಿದಿರಿ ಮಾರಾಯ್ತಿ ನೀವು?” ನಾನು ಅವರನ್ನು ತಬ್ಬಿಕೊಂಡೆ. ಈ ಸಲ ಮಕ್ಕಳೆದುರೇ ಅತ್ತೆ, ನಾಚಿಕೆಯಾಗಲಿಲ್ಲ.

ಪಡಿಯಾರರು ಅಲ್ಲೇ ಮೆಟ್ಟಿಲ ಮೇಲೆ ಹದಿಮೂರು ಹೆಸರು ಕೂಗಿದರು. ಹದಿಮೂರು ದನಿಯೂ ಬಂತು, ಕೆಲವು ನಡುಗುತ್ತಾ, ಕೆಲವು ಕಿರುಚುತ್ತಾ. ಅರುವತ್ತೊಂದು. ಊರಿನವರು ಹಾಕಿದ ಕೇಕೆಗೆ ಚಾಪೆಲ್ಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಗಂಟೆಯ ಹಗ್ಗವನ್ನು ಒಬ್ಬರಾದ ಮೇಲೊಬ್ಬರು ಎಳೆದು ಮಧ್ಯಾಹ್ನದವರೆಗೂ ನಿಲ್ಲಿಸಲಿಲ್ಲ. ಅತಿಥಿಗಳಿಗೆಂದು ತಂದ ಲಾಡುಗಳನ್ನು ಒದ್ದೆ ಕೈಗಳು ಎರಡೇ ನಿಮಿಷದಲ್ಲಿ ಖಾಲಿ ಮಾಡಿದವು. ನೆನಪುಮನೆಯ ಫಲಕವನ್ನು ಅಡುಗೆಮನೆಯ ಸೋರುವ ಕಿಟಕಿಗೆ ಅಡ್ಡ ಇಟ್ಟಿದ್ದೇವೆ, ಅಳತೆ ಸರಿಯಾಗಿ ಬಂದಿದೆ. ನನ್ನ ಬೊಂಬೆಯನ್ನು ಆರನೆಯ ತರಗತಿಯ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದ್ದೇನೆ, ಆ ತರಗತಿ ಈಗ ಬಹಳ ಶಾಂತ. ಮರುದಿನದಿಂದ ಹೊಸ ಅರ್ಜಿಗಳು ಬರತೊಡಗಿದವು. ಇವತ್ತು ಬೆಳಿಗ್ಗೆ ಹಾಜರಿ ತೊಂಬತ್ತನಾಲ್ಕು. ಕುರ್ಚಿ ಸಾಲದೆ ಒಂದನೆಯ ತರಗತಿಯವರು ಚಾಪೆ ಹಾಸಿ ಕೂತಿದ್ದಾರೆ, ನಿನ್ನೆ ಅಲ್ಲಿ ಮೊದಲ ಚಿವುಟಾಟವೂ ಆಯಿತು. ಚಿವುಟಿದವಳು ಬೀಫಾತುಮ್ಮನ ಮೊಮ್ಮಗಳು.

ಇಷ್ಟೇ ಆಗಿದ್ದರೆ ಈ ಕಾಗದವನ್ನು ನಿಮಗೇ ಏಕೆ ಬರೆಯಬೇಕಿತ್ತು? ಗೆದ್ದ ಸುದ್ದಿಯನ್ನು ಯಾರಿಗಾದರೂ ಹೇಳಬಹುದು. ಆ ರಾತ್ರಿ ಕಳೆದು ಮರುದಿನ ನಾನು ಹದಿನೇಳನೆಯ ರೂಢಿಯ ಜಾಡು ಹಿಡಿದು ಹಳೆಯ ದಿನಚರಿಗಳನ್ನು ಒಂದೊಂದಾಗಿ ತೆಗೆದೆ. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಬಿಡಬೇಕೆಂದು ಯೋಚಿಸಲೇ ಇಲ್ಲವೇ ಎಂದು ನನಗೆ ಕುತೂಹಲ. ಒಂದೇ ಸಲ ಯೋಚಿಸಿದ್ದಾರೆ. ಅದು ನಿಮ್ಮ ವರ್ಷ, ಸೇತುವೆ ಬಂದು ಕುದ್ರುವಿನ ದೋಣಿ ನಿಂತುಹೋದ ವರ್ಷ. ಜೂನ್ ತಿಂಗಳ ಒಂದು ಸೋಮವಾರದ ಪುಟದಲ್ಲಿ ಯಾರೋ ಸಿಸ್ಟರ್ ಗುಂಡು ಅಕ್ಷರದಲ್ಲಿ ನಾಲ್ಕೇ ಸಾಲು ಬರೆದಿದ್ದಾರೆ: “ಹಾಜರಿಗೆ ಮುಖ ಗುರುತಿಸುವ ಯಂತ್ರ ಬಂದಿದೆ, ಅದು ಒಂಬತ್ತಕ್ಕೆ ಸರಿಯಾಗಿ ತಾನೇ ಮುಚ್ಚುತ್ತದೆ. ದೋಣಿಯೂ ಇಲ್ಲದ್ದರಿಂದ ಕಡವಿಗೆ ಹೋಗುವ ಪದ್ಧತಿಯನ್ನು ಇನ್ನು ಕೈಬಿಡುವುದೆಂದು ಬೆಳಗಿನ ಸಭೆಯಲ್ಲಿ ತಿಳಿಸಲಾಯಿತು. ಎಂಟನೆಯ ತರಗತಿಯ ಒಬ್ಬಳು ಎದ್ದು ನಿಂತಳು. ಕೈಬಿಡಲಿಲ್ಲ.”

ಇಷ್ಟೇ. ಆ ಹುಡುಗಿಯ ಹೆಸರಿಲ್ಲ. ಏನು ಹೇಳಿದಳು, ಬೈಸಿಕೊಂಡಳೇ, ಗೆಳತಿಯರು ನಕ್ಕರೇ, ಏನೂ ಬರೆದಿಲ್ಲ. ಈ ಒಂಬತ್ತು ದಿನಗಳಲ್ಲಿ ಆ ನಾಲ್ಕು ಸಾಲುಗಳನ್ನು ನೂರು ಸಲ ಓದಿದ್ದೇನೆ. ಅವಳು ಕೂತೇ ಇದ್ದಿದ್ದರೆ ಹದಿನೇಳನೆಯ ರೂಢಿ ಪಡಿಯಾರರ ಪಟ್ಟಿಗೆ ಸೇರುತ್ತಿರಲಿಲ್ಲ. ಒಂಬತ್ತೂ ಹತ್ತಕ್ಕೆ ನಲವತ್ತೆಂಟು ಎಂದು ಬರೆದು ಪುಸ್ತಕ ಮುಚ್ಚುತ್ತಿದ್ದರು, ಬೀಫಾತುಮ್ಮ ನಡುಹೊಳೆಯಲ್ಲಿ ಇರುವಾಗಲೇ.

ಅವಳು ಈ ಕಾಗದ ಓದಿ ಎದ್ದಳೋ, ಓದದೆ ಎದ್ದಳೋ ನನಗೆ ತಿಳಿಯದು. ಆ ಧೈರ್ಯವನ್ನು ಅದೃಷ್ಟಕ್ಕೆ ಬಿಡುವಷ್ಟು ಧೈರ್ಯ ನನಗಿಲ್ಲ, ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ನಿಮ್ಮಲ್ಲಿ ಎಂಟನೆಯ ತರಗತಿಯವರು ಯಾರ್ಯಾರು ಇದ್ದೀರೋ, ನಾನು ಮಾತಾಡುವುದು ನಿಮ್ಮೊಂದಿಗೆ. ಆ ಸೋಮವಾರ ಸಭೆಯಲ್ಲಿ ಆ ಮಾತು ಬಂದಾಗ ಟೀಚರುಗಳೆಲ್ಲ ಗೋಡೆಯ ಹತ್ತಿರ ನಿಂತಿರುತ್ತಾರೆ. ಪಕ್ಕದವಳು ನಿನ್ನ ಲಂಗ ಎಳೆದು ಕೂರಿಸಲು ನೋಡಬಹುದು. ಮಾತು ತೊದಲಿದರೆ ತೊದಲಲಿ. ಏನು ಹೇಳಬೇಕೆಂದು ಹೇಳಿಕೊಡಲು ನನಗೂ ಗೊತ್ತಿಲ್ಲ, ಯಾರೂ ಬರೆದಿಟ್ಟಿಲ್ಲ. ನೀನು ಎದ್ದು ನಿಂತೆ ಎಂಬುದಷ್ಟೇ ಗೊತ್ತು.

ಎದ್ದು ನಿಲ್ಲು, ಮಗಾ.

ನಿನ್ನ ಶಾಲೆಯ,
ಸಿಸ್ಟರ್ ಸೆವ್ರಿನ್